ಯಂತ್ರದ ತಿದ್ದುಪಡಿಯೂ ಇತಿಹಾಸದ ವಾಕ್ಯವೂ

2022ನೆಯ ಇಸವಿಯ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಳಕೆಗೆ ಬಂದಂದಿನಿಂದ, ವಿದ್ಯಾರ್ಥಿಗಳ ಪ್ರಬಂಧಗಳು ಕೃತಕ ಬುದ್ಧಿಮತ್ತೆಯಿಂದ ತಿದ್ದಿಸಿಕೊಂಡು ಅಧ್ಯಾಪಕರ ಕೈಸೇರುವುದು ಸಾಮಾನ್ಯವಾಗಿದೆ. ಇದನ್ನು ದೋಷವೆಂದು ಎಣಿಸಬೇಕಾಗಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷಿನಲ್ಲಿ ಬರೆಯಬೇಕಾಗಿ ಬಂದವನಿಗೆ ಕಾಲ, ವಚನಗಳ ತಪ್ಪನ್ನು ಯಂತ್ರವು ಕ್ಷಣಮಾತ್ರದಲ್ಲಿ ತೋರಿಸಿಕೊಡುತ್ತದೆ. ಹಿಂದೆ ಈ ನೆರವು ಬಲ್ಲ ಸ್ನೇಹಿತರುಳ್ಳವರಿಗಷ್ಟೇ ದೊರೆಯುತ್ತಿತ್ತು.

ತೊಡಕಿರುವುದು ಸ್ಪಷ್ಟತೆಯ ಹೆಸರಿನಲ್ಲಿ ನಡೆಯುವ ತಿದ್ದುಪಡಿಯಲ್ಲಿ. ಅಪಾರವಾದ ಬರಹರಾಶಿಯಿಂದ, ಯಾವ ಪದದ ಮುಂದೆ ಯಾವ ಪದವು ಬರುವ ಸಂಭವ ಹೆಚ್ಚೆಂಬುದನ್ನು ಈ ಯಂತ್ರವು ಕಲಿತಿರುತ್ತದೆ. ಆದುದರಿಂದ ಅದರ ಒಲವು ರೂಢಿಯ ವಾಕ್ಯದ ಕಡೆಗೆ. ಇತಿಹಾಸಕಾರನ ವಾಕ್ಯವಾದರೋ ಆಧಾರಕ್ಕೆ ಕಟ್ಟುಬಿದ್ದುದು.

‘ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವು ವಿಷ್ಣುವರ್ಧನನ ಕಾಲದಲ್ಲಿ ಕಟ್ಟಲ್ಪಟ್ಟಿತು’ ಎಂದು ಒಬ್ಬನು ಬರೆದನೆನ್ನೋಣ. ಕರ್ಮಣಿ ಪ್ರಯೋಗವನ್ನು ಕಂಡೊಡನೆ ಕರ್ತರಿಗೆ ತಿರುಗಿಸೆಂದು ಸೂಚಿಸುವುದು ಇಂತಹ ಸಾಧನಗಳ ಹಳೆಯ ಚಾಳಿ. ಆಗ ‘ವಿಷ್ಣುವರ್ಧನನು ಕಟ್ಟಿಸಿದನು’ ಎಂದಾಗಬಹುದು. ವಾಕ್ಯವೇನೋ ಬಿಗಿಯಾಯಿತು, ಆದರೆ 1121ರ ಸುಮಾರಿನ ಈ ನಿರ್ಮಾಣದ ಕರ್ತೃತ್ವವು ಶಾಸನಾಧಾರದಿಂದ ಅರಸನ ಅಧಿಕಾರಿಯಾದ ಕೇತಮಲ್ಲನಿಗೆ ಸಲ್ಲುತ್ತದೆ. ವ್ಯಾಕರಣದಲ್ಲಿ ಲೇಶವೂ ದೋಷವಿಲ್ಲದೆ ಚರಿತ್ರೆ ಕೆಟ್ಟಿತು! ‘ಇರಬಹುದು’, ‘ಎಂದು ತೋರುತ್ತದೆ’ ಎಂಬ ಮಾತುಗಳ ಗತಿಯೂ ಇದೇ. ಯಂತ್ರಕ್ಕೆ ಅವು ಅಳುಕಿನ ನುಡಿಗಳಾಗಿ ಕಾಣುತ್ತವೆ. ನಮಗೆ ಅವು ಪ್ರಮಾಣದ ತೂಕವನ್ನು ಸೂಚಿಸುವ ಅಂಕಗಳು.

ಶಾಸನಪಾಠವನ್ನು ಪ್ರಬಂಧದೊಡನೆ ಒಟ್ಟಿಗೆ ತಿದ್ದಲು ಕೊಡುವುದು ಇನ್ನೂ ಅಪಾಯಕರ. ಱ, ೞ ಅಕ್ಷರಗಳನ್ನೂ, ‘ಪಾಲ್’ ಎಂಬಂತಹ ಪಕಾರಾದಿ ರೂಪಗಳನ್ನೂ ಅದು ಕಾಗುಣಿತದ ತಪ್ಪೆಂದು ಭಾವಿಸಿ ಹೊಸಗನ್ನಡಕ್ಕೆ ತಿರುಗಿಸಿದರೆ ಆಶ್ಚರ್ಯವಿಲ್ಲ. ಪಕಾರವು ಹಕಾರವಾದ ಬಗೆ, ೞಕಾರವು ಅಳಿದ ಬಗೆ, ಇವು ಕಾಲನಿರ್ಣಯಕ್ಕೆ ಒದಗುವ ಸಾಕ್ಷ್ಯಗಳು. ಸಾಕ್ಷಿಯ ಬಾಯನ್ನೇ ತಿದ್ದಿದರೆ ವಿಚಾರಣೆ ಹೇಗೆ ನಡೆದೀತು?

ಹಾಗಾದರೆ ಬಳಸುವ ಬಗೆ ಯಾವುದು? ‘ತಿದ್ದಿ ಬರೆ’ ಎನ್ನದೆ, ‘ತಪ್ಪುಗಳನ್ನು ತೋರಿಸಿ ಕಾರಣ ಹೇಳು’ ಎಂದು ಕೇಳುವುದು ಮೇಲು. ಉದ್ಧೃತ ಪಾಠ, ಅಂಕಿತನಾಮ, ತೇದಿಗಳನ್ನು ಹೊರಗಿಟ್ಟು ಕೊಡಬೇಕು. ತಿದ್ದುಪಡಿಗಳನ್ನು ಒಂದೊಂದಾಗಿ ಮೂಲ ಆಧಾರದೊಡನೆ ಹೋಲಿಸಿ ಒಪ್ಪಬೇಕು ಅಥವಾ ಬಿಡಬೇಕು. ಅಧ್ಯಾಪಕರು ಪ್ರಬಂಧದೊಡನೆ ಮೊದಲ ಕರಡನ್ನೂ ತರಿಸಿಕೊಳ್ಳುವುದು ಒಳಿತು. ಎರಡನ್ನೂ ಪಕ್ಕದಲ್ಲಿಟ್ಟು ಓದಿದಾಗ, ಯಾವ ‘ಇರಬಹುದು’ ಎಲ್ಲಿ ‘ಆಗಿದೆ’ ಎಂದಾಯಿತೆಂಬುದು ಕಣ್ಣಿಗೆ ಬೀಳುತ್ತದೆ. ಮೌಖಿಕ ಪರೀಕ್ಷೆಯಲ್ಲಿ ಮೊದಲು ಕೇಳಬೇಕಾದುದು ಆ ಸ್ಥಳಗಳನ್ನೇ.