ಪದವಿಯ ಅನಂತರ ಸೇನೆ: ಯಾವ ಬಾಗಿಲು ಯಾರಿಗೆ?

ಕಾಸರಗೋಡು ಜಿಲ್ಲೆಯ ದಕ್ಷಿಣದ ಗಡಿ ದಾಟಿದರೆ ಪಯ್ಯನ್ನೂರಿನ ಸಮೀಪ, ಕಡಲಿಗೆ ಚಾಚಿಕೊಂಡ ಏಳಿಮಲದಲ್ಲಿ ಭಾರತೀಯ ನೌಕಾ ಅಕಾಡೆಮಿಯಿದೆ. 2009ರ ಜನವರಿಯಲ್ಲಿ ಉದ್ಘಾಟನೆಗೊಂಡ ಈ ಸಂಸ್ಥೆ ಗಡಿನಾಡಿನ ಯುವಕರಿಗೆ ದೂರದ್ದೇನಲ್ಲ. ಆದರೆ ಕಾಸರಗೋಡಿನಲ್ಲಿ ಬಿ.ಎ. ಅಥವಾ ಬಿ.ಕಾಂ. ಮುಗಿಸಿದವನು ಸಿಡಿಎಸ್ ಎಂಬ ಸಂಯುಕ್ತ ರಕ್ಷಣಾ ಸೇವಾ ಪರೀಕ್ಷೆಯ ಮೂಲಕ ಅಲ್ಲಿಗೆ ಹೋಗಲಾರ. ಆ ದಾರಿಗೆ ಇಂಜಿನಿಯರಿಂಗ್ ಪದವಿ ಕಡ್ಡಾಯ. ಮನೆಯ ಹತ್ತಿರದ ಅಕಾಡೆಮಿಯೇ ಹೀಗೆ ಮೊದಲು ಕೈತಪ್ಪುತ್ತದೆ.

ಭೂಸೇನೆಯೋ ನೌಕಾಪಡೆಯೋ ವಾಯುಪಡೆಯೋ ಎಂಬ ಚರ್ಚೆ ಪದವಿಯ ಕೊನೆಯ ವರ್ಷದಲ್ಲಿ ಬಿಸಿಯೇರುವುದುಂಟು. ಸಮವಸ್ತ್ರದ ಬಣ್ಣ, ಬಂಧುಗಳಲ್ಲಿ ಯಾರೋ ಇದ್ದ ಪಡೆ, ಇವೇ ಹೆಚ್ಚಾಗಿ ಮಾತಿನ ವಸ್ತು. (ಬಂಧುತ್ವವೂ ದೊಡ್ಡ ಪ್ರಮಾಣವಲ್ಲ. ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಕೊಡಗಿನ ಕಾರ್ಯಪ್ಪನವರ ಮಗ ವಾಯುಪಡೆಗೆ ಸೇರಿ ಏರ್ ಮಾರ್ಷಲ್ ಆದರು.) ವಾಸ್ತವದಲ್ಲಿ ಈ ಆಯ್ಕೆಯ ಬಹುಭಾಗ ಪ್ಲಸ್ ಒನ್ ಪ್ರವೇಶದ ಅರ್ಜಿಯಲ್ಲೇ ಮುಗಿದಿರುತ್ತದೆ. ಹೈದರಾಬಾದ್ ಸಮೀಪದ ದುಂಡಿಗಲ್‌ನ ವಾಯುಪಡೆ ಅಕಾಡೆಮಿಗೆ ಇಂಜಿನಿಯರಿಂಗ್ ಪದವಿಯಿರಬೇಕು, ಇಲ್ಲವೇ ಯಾವುದೇ ಪದವಿಯ ಜೊತೆಗೆ ಪ್ಲಸ್ ಟುವಿನಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕು. ಹದಿನಾರರ ವಯಸ್ಸಿನಲ್ಲಿ ಮಾನವಿಕ ವಿಷಯ ಆರಿಸಿಕೊಂಡ ಹುಡುಗನಿಗೆ ತಾನು ವಿಮಾನ ಹಾರಿಸುವ ಅವಕಾಶವನ್ನೂ ಬಿಟ್ಟುಕೊಡುತ್ತಿದ್ದೇನೆಂದು ಹೇಳುವವರು ವಿರಳ.

ಅರ್ಹತೆಯಿದ್ದವನೂ ಅರ್ಜಿಯ ಆದ್ಯತಾ ಕ್ರಮದಲ್ಲಿ ಎಡವಬಹುದು. ಸಿಡಿಎಸ್ ಅರ್ಜಿಯಲ್ಲಿ ವಾಯುಪಡೆಯನ್ನು ಮೊದಲನೆಯದಾಗಿ ನಮೂದಿಸಿದರೆ ಮಾತ್ರ ಅದಕ್ಕೆ ಬೆಲೆ. ಎರಡನೆಯದೋ ಮೂರನೆಯದೋ ಆಗಿ ಬರೆದರೆ ಅದು ಅಸಿಂಧು. ಪೈಲಟ್ ಆಯ್ಕೆಯ ಗಣಕೀಕೃತ ಪರೀಕ್ಷೆಯಲ್ಲಿ ಒಮ್ಮೆ ಅನುತ್ತೀರ್ಣನಾದವನಿಗೆ ಜೀವಮಾನದಲ್ಲಿ ಮತ್ತೊಂದು ಅವಕಾಶವಿಲ್ಲ. ಆದುದರಿಂದ ‘ಒಮ್ಮೆ ನೋಡೋಣ’ ಎಂಬ ಧೋರಣೆ ಇಲ್ಲಿ ದುಬಾರಿ.

ಕಲಾ ಮತ್ತು ವಾಣಿಜ್ಯ ಪದವೀಧರರಿಗೆ ಸಿಡಿಎಸ್‌ನಲ್ಲಿ ಉಳಿಯುವುದು ಭೂಸೇನೆ. ಅದರಲ್ಲೂ ಎರಡು ಬಾಗಿಲುಗಳು. ಡೆಹ್ರಾಡೂನಿನ ಸೇನಾ ಅಕಾಡೆಮಿ ಖಾಯಂ ನೇಮಕಾತಿಗೆ; ಚೆನ್ನೈಯ ಅಧಿಕಾರಿ ತರಬೇತಿ ಅಕಾಡೆಮಿ ಅಲ್ಪಾವಧಿ ಸೇವೆಗೆ. ಡೆಹ್ರಾಡೂನಿಗೆ ಇಂಗ್ಲಿಷ್, ಸಾಮಾನ್ಯ ಜ್ಞಾನಗಳೊಡನೆ ಗಣಿತದ ಪತ್ರಿಕೆಯನ್ನೂ ಬರೆಯಬೇಕು. ಚೆನ್ನೈಗೆ ಗಣಿತವಿಲ್ಲ. ಹತ್ತನೆಯ ತರಗತಿಯೊಡನೆ ಗಣಿತಕ್ಕೆ ವಿದಾಯ ಹೇಳಿದ ವಿದ್ಯಾರ್ಥಿಗೆ ಇದು ಸಣ್ಣ ಸಂಗತಿಯಲ್ಲ. ಆದರೂ ಚೆನ್ನೈಯನ್ನು ಕೀಳೆಂದು ಬಗೆದು ಅರ್ಜಿಯಲ್ಲಿ ಬಿಟ್ಟುಬಿಡುವವರಿದ್ದಾರೆ. ಅದು ಅವಿವೇಕ. ಎರಡೂ ಕಡೆ ತರಬೇತಿ ಮುಗಿಸಿದವರು ಲೆಫ್ಟಿನೆಂಟ್ ಆಗಿಯೇ ಹೊರಬರುತ್ತಾರೆ.

ವ್ಯತ್ಯಾಸವಿರುವುದು ಮುಂದಿನ ಬದುಕಿನಲ್ಲಿ. ಅಲ್ಪಾವಧಿ ಸೇವೆ ಹತ್ತು ವರ್ಷಗಳದ್ದು. ಇನ್ನು ನಾಲ್ಕು ವರ್ಷ ವಿಸ್ತರಿಸಬಹುದು, ಖಾಯಂ ನೇಮಕಾತಿಗೂ ಪರಿಗಣನೆಯುಂಟು. ಆದರೆ ಅಧಿಕಾರಿಗೆ ನಿವೃತ್ತಿವೇತನ ದೊರೆಯಬೇಕಾದರೆ ಸಾಮಾನ್ಯವಾಗಿ 20 ವರ್ಷಗಳ ಸೇವೆ ಬೇಕು. ಇಪ್ಪತ್ಮೂರಕ್ಕೆ ಸೇರಿ ಮೂವತ್ತಮೂರಕ್ಕೆ ಹೊರಬರುವವನ ಕೈಯಲ್ಲಿ ಉಪದಾನದ ಮೊತ್ತವಿರುತ್ತದೆ, ಪಿಂಚಣಿಯಿರುವುದಿಲ್ಲ. ಎರಡು ಎಕರೆ ಅಡಿಕೆ ತೋಟವನ್ನೇ ನಂಬಿದ ಮನೆಯವರು ಸಹಿ ಹಾಕುವ ಮೊದಲು ತಿಳಿದಿರಬೇಕಾದ ಲೆಕ್ಕವಿದು. ಅಲ್ಪಾವಧಿ ಸೇವೆಯ ಮಹಿಳಾ ಅಧಿಕಾರಿಗಳಿಗೂ ಖಾಯಂ ನೇಮಕಾತಿಯ ಹಕ್ಕಿದೆಯೆಂದು ಸುಪ್ರೀಂ ಕೋರ್ಟ್ 2020ರ ಫೆಬ್ರವರಿ 17ರಂದು ತೀರ್ಪಿತ್ತ ಮೇಲೆ ಹೆಣ್ಣುಮಕ್ಕಳ ಪಾಲಿಗೆ ಈ ದಾರಿಯ ಸ್ವರೂಪವೇ ಬದಲಾಗಿದೆ.

ಸಿಡಿಎಸ್‌ನ ಹೊರಗೂ ದಾರಿಗಳಿವೆ. ವಾಯುಪಡೆಯ ಎಎಫ್‌ಕ್ಯಾಟ್ ಪರೀಕ್ಷೆಯ ಮೂಲಕ ಆಡಳಿತ, ಸರಬರಾಜು, ಲೆಕ್ಕಪತ್ರ ಶಾಖೆಗಳಿಗೆ ವಿಜ್ಞಾನೇತರ ಪದವೀಧರರೂ ಹೋಗಬಹುದು. ಶೇಕಡಾ 60 ಅಂಕಗಳಿರಬೇಕು. ಕಾನೂನು ಪದವೀಧರರಿಗೆ ಭೂಸೇನೆಯ ನ್ಯಾಯ ವಿಭಾಗವಿದೆ: ಶೇಕಡಾ 55 ಅಂಕ, 27ರೊಳಗಿನ ವಯಸ್ಸು, ಈಚೆಗೆ ಕ್ಲಾಟ್ ಸ್ನಾತಕೋತ್ತರ ಪರೀಕ್ಷೆಯ ಅಂಕವೂ. ಎಲ್‌ಎಲ್‌ಬಿ ಎಂದರೆ ಕರಿಕೋಟು ಮಾತ್ರವೆಂದು ತಿಳಿದವರಿಗೆ ಇದು ಹೊಸ ಸುದ್ದಿಯಾಗಬಹುದು.

ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಎಲ್ಲ ಬಾಗಿಲುಗಳಲ್ಲೂ ಎದುರಾಗುವ ತೊಡಕು ಭಾಷೆಯದು. ಸಿಡಿಎಸ್‌ನ ಪ್ರಶ್ನೆಪತ್ರಿಕೆ ಇಂಗ್ಲಿಷ್ ಹಿಂದಿಗಳಲ್ಲಿ ಮಾತ್ರ. ಲಿಖಿತ ಪರೀಕ್ಷೆ ದಾಟಿದವರನ್ನು ಆಯ್ಕೆ ಮಂಡಳಿ ಐದು ದಿನ ಇರಿಸಿಕೊಂಡು ಪರೀಕ್ಷಿಸುತ್ತದೆ. ಮೊದಲ ದಿನವೇ ಒಂದು ಚಿತ್ರ ತೋರಿಸಿ ಕತೆ ಬರೆಸಿ, ಗುಂಪಿನಲ್ಲಿ ಚರ್ಚಿಸಲು ಹೇಳಿ, ಅನೇಕರನ್ನು ಹಿಂದೆ ಕಳುಹಿಸುತ್ತಾರೆ. ಬುದ್ಧಿಯಿದ್ದೂ ಇಂಗ್ಲಿಷಿನಲ್ಲಿ ಬಾಯಿ ತೆರೆಯಲಾಗದೆ ಕುಳಿತವನಿಗೆ ಅಲ್ಲಿ ಅವಕಾಶ ಕಡಿಮೆ. ಗಡಿನಾಡಿನ ಕಾಲೇಜುಗಳಲ್ಲಿ ವಾರಕ್ಕೊಂದು ಗಂಟೆ ಇಂಥ ಚರ್ಚೆಯ ಅಭ್ಯಾಸ ನಡೆಸಲು ದೊಡ್ಡ ಅನುದಾನವೇನೂ ಬೇಕಿಲ್ಲ.

ಇನ್ನೊಂದು ಮಾತು. ಪಡೆಯನ್ನು ಆರಿಸುವವನು ಒಂದು ಕಾನೂನನ್ನೂ ಆರಿಸುತ್ತಾನೆ. ಭೂಸೇನೆಗೂ ವಾಯುಪಡೆಗೂ 1950ರ ಪ್ರತ್ಯೇಕ ಕಾಯಿದೆಗಳು, ನೌಕಾಪಡೆಗೆ 1957ರದ್ದು. ಸಂವಿಧಾನದ 33ನೇ ವಿಧಿಯನ್ವಯ ಸೈನಿಕನ ಮೂಲಭೂತ ಹಕ್ಕುಗಳನ್ನು ಸಂಸತ್ತು ಮೊಟಕುಗೊಳಿಸಬಹುದು. ಮನಸ್ಸಿಲ್ಲವೆಂದು ರಾಜೀನಾಮೆ ಬರೆದಿಟ್ಟು ಮನೆಗೆ ಬರುವಂತಿಲ್ಲ. ಅದನ್ನು ಅಂಗೀಕರಿಸುವುದೂ ಬಿಡುವುದೂ ಸರಕಾರದ ಕೈಯಲ್ಲಿದೆ. ಸೇವಾ ವಿವಾದವೆದ್ದರೆ 2007ರ ಕಾಯಿದೆಯಂತೆ ರಚಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮೊರೆಹೋಗಬೇಕು. ಕೇರಳದವರಿಗೆ ಅದರ ಪೀಠ ಕೊಚ್ಚಿಯಲ್ಲಿದೆ.