ಸಾರ್ವತ್ರಿಕ ಆರೋಗ್ಯ ರಕ್ಷಣೆ: ವೆಚ್ಚವನ್ನು ಯಾರು, ಯಾವಾಗ ಭರಿಸಬೇಕು?

ಪೀಠಿಕೆ

ಹಣವಿಲ್ಲವೆಂಬ ಕಾರಣದಿಂದ ಯಾವುದೇ ವ್ಯಕ್ತಿಗೆ ಚಿಕಿತ್ಸೆ ತಪ್ಪಬಾರದೆಂಬ ತತ್ತ್ವವನ್ನು ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯ ಸಮಿತಿಯು 1946ರ ವರದಿಯಲ್ಲಿಯೇ ಪ್ರತಿಪಾದಿಸಿತ್ತು. ಈ ತತ್ತ್ವವನ್ನು ಒಪ್ಪದವರು ಇಂದು ವಿರಳ. ಆದರೆ ಇದಕ್ಕೆ ಬೇಕಾದ ಹಣವು ಎಲ್ಲಿಂದ ಬರಬೇಕು ಹಾಗೂ ಅದನ್ನು ಯಾವುದಕ್ಕೆ ಮೊದಲು ವಿನಿಯೋಗಿಸಬೇಕು ಎಂಬ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಈ ಚರ್ಚೆಯ ಮುಖ್ಯಾಂಶಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಸಾರ್ವತ್ರಿಕ ಆರೋಗ್ಯ ರಕ್ಷಣೆ ಎಂದರೇನು?

ಅಗತ್ಯವಾದ ಆರೋಗ್ಯ ಸೇವೆಯು ಪ್ರತಿಯೊಬ್ಬರಿಗೂ ದೊರೆಯುವುದು ಮತ್ತು ಅದನ್ನು ಪಡೆದ ಕಾರಣಕ್ಕೆ ಯಾವ ಕುಟುಂಬವೂ ಆರ್ಥಿಕ ಸಂಕಷ್ಟಕ್ಕೆ ಸಿಲುಕದಿರುವುದೇ ಸಾರ್ವತ್ರಿಕ ಆರೋಗ್ಯ ರಕ್ಷಣೆ. ಉಚಿತ ಚಿಕಿತ್ಸೆಗೂ ವೆಚ್ಚವಿದೆ. ವೈದ್ಯರ ವೇತನ, ಔಷಧಿ, ಉಪಕರಣ ಮತ್ತು ಕಟ್ಟಡಗಳಿಗೆ ಯಾರಾದರೂ ಹಣ ನೀಡಲೇಬೇಕು. ಅದು ತೆರಿಗೆಯ ಮೂಲಕ ಬರಬಹುದು, ವಿಮಾ ವಂತಿಗೆಯ ಮೂಲಕ ಬರಬಹುದು ಅಥವಾ ಕಾಯಿಲೆ ಬಿದ್ದಾಗ ರೋಗಿಯ ಕೈಯಿಂದಲೇ ಬರಬಹುದು. ಮೊದಲೆರಡು ವಿಧಾನಗಳಲ್ಲಿ ಆರೋಗ್ಯವಂತರೂ ಹೊರೆಯನ್ನು ಹಂಚಿಕೊಳ್ಳುತ್ತಾರೆ. ಮೂರನೆಯದರಲ್ಲಿ ದುಡಿಮೆ ನಿಂತ ಸಮಯದಲ್ಲಿಯೇ ಕುಟುಂಬವು ಸಾಲ ಮಾಡಬೇಕಾಗುತ್ತದೆ, ಇಲ್ಲವೇ ಜಮೀನು, ಒಡವೆ ಮಾರಬೇಕಾಗುತ್ತದೆ.

ಅಂಕಿ ಅಂಶಗಳು

ರಾಷ್ಟ್ರೀಯ ಆರೋಗ್ಯ ಲೆಕ್ಕಗಳ ಪ್ರಕಾರ, ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ನೇರವಾಗಿ ಕೈಯಿಂದ ಭರಿಸಿದ ಪಾಲು 2013-14ರಲ್ಲಿ ಶೇ. 64.2ರಷ್ಟಿದ್ದು, 2021-22ರಲ್ಲಿ ಶೇ. 39.4ಕ್ಕೆ ಇಳಿದಿದೆ. ಇದೇ ಅವಧಿಯಲ್ಲಿ ಸರ್ಕಾರಗಳ ಆರೋಗ್ಯ ವೆಚ್ಚವು ಒಟ್ಟು ದೇಶೀಯ ಉತ್ಪನ್ನದ ಶೇ. 1.15ರಿಂದ ಶೇ. 1.84ಕ್ಕೆ ಏರಿದೆ. ಇದನ್ನು 2025ರ ವೇಳೆಗೆ ಶೇ. 2.5ಕ್ಕೆ ಹೆಚ್ಚಿಸುವ ಗುರಿಯನ್ನು 2017ರ ರಾಷ್ಟ್ರೀಯ ಆರೋಗ್ಯ ನೀತಿಯು ಹೊಂದಿತ್ತು.

ಕರ್ನಾಟಕದ ಅನುಭವ

2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘಗಳ ಸದಸ್ಯರಾದ ರೈತರು ತಿಂಗಳಿಗೆ 5 ರೂ.ಗಳಂತೆ ವರ್ಷಕ್ಕೆ 60 ರೂ. ವಂತಿಗೆ ನೀಡಿ ಶಸ್ತ್ರಚಿಕಿತ್ಸೆಯ ಸೌಲಭ್ಯ ಪಡೆದರು. 2010ರಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರ್ ಮೊದಲಾದ ಗಂಭೀರ ಕಾಯಿಲೆಗಳ ಚಿಕಿತ್ಸೆಯನ್ನು ವಂತಿಗೆಯಿಲ್ಲದೆ ಒದಗಿಸಲಾಯಿತು. ಯೋಜನೆ ಜಾರಿಯಾದ ಹಾಗೂ ಜಾರಿಯಾಗದ ಗ್ರಾಮಗಳನ್ನು ಹೋಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಯೋಜನೆ ಇದ್ದ ಕಡೆ ಬಡ ಕುಟುಂಬಗಳಲ್ಲಿ ಈ ಕಾಯಿಲೆಗಳಿಂದಾಗುವ ಮರಣ ಪ್ರಮಾಣವು ಶೇ. 64ರಷ್ಟು ಕಡಿಮೆ ಇರುವುದು ಕಂಡುಬಂದಿತು.

2018ರಲ್ಲಿ ಆರೋಗ್ಯ ಕರ್ನಾಟಕ ಯೋಜನೆಯು ಆರಂಭಗೊಂಡು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯೊಂದಿಗೆ ಸಂಯೋಜಿತವಾಯಿತು. ಇದರಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ.ವರೆಗಿನ ಚಿಕಿತ್ಸೆಯನ್ನು ನಿಗದಿಪಡಿಸಲಾಯಿತು. ಎ.ಪಿ.ಎಲ್. ಕುಟುಂಬಗಳಿಗೆ ನಿಗದಿತ ದರದ ಶೇ. 30ರಷ್ಟನ್ನು, ವಾರ್ಷಿಕ 1.5 ಲಕ್ಷ ರೂ. ಮಿತಿಯಲ್ಲಿ, ಸರ್ಕಾರವು ಭರಿಸುವ ವ್ಯವಸ್ಥೆ ಮಾಡಲಾಯಿತು. 2018ರಲ್ಲಿ ಸ್ಥಗಿತಗೊಂಡಿದ್ದ ಯಶಸ್ವಿನಿ ಯೋಜನೆಯನ್ನು 2022ರಲ್ಲಿ ಮರುಜಾರಿಗೊಳಿಸಲಾಯಿತು.

ಚರ್ಚೆಯಲ್ಲಿರುವ ವಾದಗಳು

ವಿಮಾ ಮಾದರಿಯನ್ನು ಬೆಂಬಲಿಸುವವರು, ಸರ್ಕಾರಿ ಆಸ್ಪತ್ರೆಗಳಲ್ಲಿ ಇಲ್ಲದ ಸೌಲಭ್ಯವನ್ನು ಖಾಸಗಿ ಆಸ್ಪತ್ರೆಗಳ ಮೂಲಕ ಬಡವರಿಗೆ ಶೀಘ್ರವಾಗಿ ತಲುಪಿಸಬಹುದೆಂದು ವಾದಿಸುತ್ತಾರೆ. ಇದೇ ಹಣದಿಂದ ಸರ್ಕಾರಿ ಆಸ್ಪತ್ರೆಗಳನ್ನು ಬಲಪಡಿಸಿದರೆ ಅದರ ಪ್ರಯೋಜನವು ಶಾಶ್ವತವಾಗಿ ಉಳಿಯುತ್ತದೆಂಬುದು ಇನ್ನೊಂದು ಪಕ್ಷದ ನಿಲುವು. ಡಾ. ಕೆ. ಶ್ರೀನಾಥ ರೆಡ್ಡಿ ಅಧ್ಯಕ್ಷತೆಯ ಉನ್ನತ ಮಟ್ಟದ ತಜ್ಞರ ಸಮಿತಿಯು 2011ರ ವರದಿಯಲ್ಲಿ, ಆರೋಗ್ಯ ರಕ್ಷಣೆಗೆ ಸಾಮಾನ್ಯ ತೆರಿಗೆಯೇ ಮುಖ್ಯ ಆದಾಯ ಮೂಲವಾಗಬೇಕೆಂದು ಶಿಫಾರಸು ಮಾಡಿತು.

ದರ ನಿಗದಿಯೂ ಸುಲಭದ ವಿಷಯವಲ್ಲ. ದರ ಕಡಿಮೆಯಾದರೆ ಆಸ್ಪತ್ರೆಗಳು ಯೋಜನೆಯಿಂದ ದೂರ ಸರಿಯುತ್ತವೆ. ಹೆಚ್ಚಾದರೆ ಬೊಕ್ಕಸದ ಹೊರೆ ಏರುತ್ತದೆ. ಪ್ರತಿ ಶಸ್ತ್ರಚಿಕಿತ್ಸೆಗೂ ಹಣ ಸಂದಾಯವಾಗುವ ವ್ಯವಸ್ಥೆಯಲ್ಲಿ ಅನಗತ್ಯ ಶಸ್ತ್ರಚಿಕಿತ್ಸೆಯ ಅಪಾಯವೂ ಇದೆ. ಬಿಹಾರ, ಛತ್ತೀಸ್‌ಗಢ ಮತ್ತು ರಾಜಸ್ಥಾನದಲ್ಲಿ ಮಹಿಳೆಯರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆಯಲಾದ ಕುರಿತ ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್, ಇದನ್ನು ತಡೆಯುವ ಮಾರ್ಗಸೂಚಿಗಳನ್ನು ಜಾರಿಗೊಳಿಸುವಂತೆ ಎಲ್ಲ ರಾಜ್ಯಗಳಿಗೆ ಸೂಚಿಸಿತು.

ಗಮನಿಸಬೇಕಾದ ಮುಖ್ಯ ಅಂಶ

ಇಂತಹ ಯೋಜನೆಗಳು ಪ್ರಧಾನವಾಗಿ ಆಸ್ಪತ್ರೆಗೆ ದಾಖಲಾದವರಿಗೆ ಅನ್ವಯಿಸುತ್ತವೆ. ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ದಾಖಲಾಗುವುದಿಲ್ಲ; ಪ್ರತಿ ತಿಂಗಳು ಮಾತ್ರೆ ಕೊಳ್ಳುತ್ತಾರೆ. ಹಣದ ಅಭಾವದಿಂದ ಮಾತ್ರೆ ನಿಲ್ಲಿಸಿದವರಿಗೆ ಮುಂದೆ ಪಾರ್ಶ್ವವಾಯು ಅಥವಾ ಮೂತ್ರಪಿಂಡದ ವೈಫಲ್ಯ ಉಂಟಾದಲ್ಲಿ, ಅದರ ಭಾರೀ ವೆಚ್ಚವು ಕುಟುಂಬದ ಮೇಲೆ ಅಥವಾ ಸರ್ಕಾರದ ಮೇಲೆಯೇ ಬೀಳುತ್ತದೆ. ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತಪಾಸಣೆ ಮತ್ತು ಔಷಧಿ ನಿರಂತರವಾಗಿ ದೊರೆಯುವಂತೆ ಮಾಡುವುದು ವೆಚ್ಚವನ್ನು ತಗ್ಗಿಸುವ ಕ್ರಮವೂ ಆಗಿದೆ. ದೊಡ್ಡ ಶಸ್ತ್ರಚಿಕಿತ್ಸೆಯ ರಕ್ಷಣೆ ಹಾಗೂ ನಿತ್ಯದ ಮಾತ್ರೆಯ ಪೂರೈಕೆ ಎರಡೂ ಇದ್ದಾಗ ಮಾತ್ರ ಆರೋಗ್ಯ ರಕ್ಷಣೆಯು ನಿಜವಾದ ಅರ್ಥದಲ್ಲಿ ಸಾರ್ವತ್ರಿಕವಾಗುತ್ತದೆ.