ಶೂನ್ಯಸಂಪಾದನೆಯೂ ವಿಶ್ವವಿದ್ಯಾಲಯದ ದರ್ಶನಪಾಠವೂ

ದರ್ಶನಶಾಸ್ತ್ರವು ಕೇವಲ ಕೇಳುವುದರಿಂದ ಕೈವಶವಾಗುವ ವಿದ್ಯೆಯಲ್ಲ. ಶ್ರವಣ, ಮನನ, ನಿದಿಧ್ಯಾಸನಗಳೆಂಬ ಮೂರು ಮೆಟ್ಟಿಲುಗಳನ್ನು ಪೂರ್ವಿಕರು ಹೇಳಿದ್ದಾರೆ. ಉಪನ್ಯಾಸವು ಮೊದಲ ಮೆಟ್ಟಿಲು ಮಾತ್ರ. ಎರಡನೆಯದನ್ನು ಏರಬೇಕಾದರೆ ಗ್ರಂಥವನ್ನು ಮುಂದಿಟ್ಟುಕೊಂಡು ನಾಲ್ವರು ಕೂಡಿ ಓದಬೇಕು. ಸಂಶಯ ಬಂದಲ್ಲಿ ತಡೆದು ಕೇಳಬೇಕು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಶ್ರಾವಣದ ಪುರಾಣ-ಪ್ರವಚನಗಳಿಗೆ ಕೊರತೆಯಿಲ್ಲ. ಆದರೆ ಅಲ್ಲಿ ಪ್ರಶ್ನೆ ಕೇಳುವ ಶ್ರೋತೃ ಅಪರೂಪ. ಆ ಸೀಮೆಯ ತರುಣನು ಧಾರವಾಡದ ತತ್ತ್ವಶಾಸ್ತ್ರದ ತರಗತಿಯಲ್ಲಿ ಕುಳಿತಾಗ, ಇಂಗ್ಲಿಷಿನ ಪಾರಿಭಾಷಿಕ ಪದಗಳ ನಡುವೆ, ಇದು ಪರರ ಸೊತ್ತೆಂದು ಬಗೆದು ಅಲ್ಲಿಯೂ ಮೌನಿಯಾಗುತ್ತಾನೆ.

1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯವು ಈ ಅಂತರವನ್ನು ತಗ್ಗಿಸುವ ಒಂದು ಮಹತ್ಕಾರ್ಯವನ್ನು ಮಾಡಿತು. 1965ರಿಂದ 1972ರ ವರೆಗೆ ಶೂನ್ಯಸಂಪಾದನೆಯ ಇಂಗ್ಲಿಷ್ ಅನುವಾದವನ್ನು ಟಿಪ್ಪಣಿಗಳೊಡನೆ ಐದು ಸಂಪುಟಗಳಲ್ಲಿ ಪ್ರಕಟಿಸಿತು. ಮೊದಲ ಸಂಪುಟಕ್ಕೆ ಡಾ. ಎಸ್. ಸಿ. ನಂದಿಮಠ ಹಾಗೂ ಡಾ. ಆರ್. ಸಿ. ಹಿರೇಮಠರು, ಮುಂದಿನವುಗಳಿಗೆ ಪ್ರೊ. ಸಂ. ಶಿ. ಭೂಸನೂರಮಠ ಹಾಗೂ ಡಾ. ಎಂ. ಎಸ್. ಸುಂಕಾಪುರ ಅವರು ದುಡಿದರು. ಇವರೊಡನೆ ಆದ್ಯಂತ ಇದ್ದವರು ಗೋವೆಯ ಮೂಲದ ಇಂಗ್ಲಿಷ್ ಕವಿ ಅರ್ಮಾಂಡೊ ಮೆನೆಜಿಸ್. ವಚನದ ಮರ್ಮವನ್ನು ಬಲ್ಲವರೊಡನೆ ಇಂಗ್ಲಿಷಿನ ನುಡಿಬೆಡಗನ್ನು ಬಲ್ಲ ಅನ್ಯಧರ್ಮೀಯ ವಿದ್ವಾಂಸರು ಕೂಡಿದುದು ಸಾಮಾನ್ಯ ಸಂಗತಿಯಲ್ಲ. ಅನುವಾದವೆಂದರೆ ಅತ್ಯಂತ ಸಾವಧಾನದ ಓದೇ ಅಲ್ಲವೇ!

ಅವರು ಗ್ರಂಥದ ಹೆಸರನ್ನು ಮಾತ್ರ ಅನುವಾದಿಸದೆ ಹಾಗೆಯೇ ಉಳಿಸಿದರು. ಬೈಲಹೊಂಗಲದ ಹತ್ತಿಯ ಪೇಟೆಯಲ್ಲಿ 'ಸಂಪಾದನೆ' ಎಂದರೆ ಗಳಿಕೆ. ಶೂನ್ಯವನ್ನು ಗಳಿಸುವುದೆಂತು? ಶೂನ್ಯವೆಂದರೆ ಏನೂ ಇಲ್ಲದುದೆಂದು ತಿಳಿದವನಿಗೆ ಈ ಹೆಸರೇ ಒಗಟು. 'ನಾನು', 'ನನ್ನದು' ಎಂಬುದು ಅಳಿದು, ಕುರುಹಿಗೆ ನಿಲುಕದ ಪರವಸ್ತುವೇ ಉಳಿಯುವ ನಿಲವದು ಎಂಬಲ್ಲಿಗೆ ಮುಟ್ಟಲು ಓದುಗೋಷ್ಠಿಯು ಒಂದು ಸಂಜೆಯನ್ನು ಪೂರ್ತಿಯಾಗಿ ವ್ಯಯಿಸಿದರೂ ಅದು ಕಾಲಹರಣವಲ್ಲ.

ಈ ಗ್ರಂಥವು ಸ್ವತಃ ಸಂವಾದರೂಪದ್ದು. ಇಲ್ಲಿ ಅಲ್ಲಮಪ್ರಭುವಿನೆದುರು ಬಂದವರು ತಲೆದೂಗಿ ಹೋಗುವವರಲ್ಲ; ಎದುರಾಡುತ್ತಾರೆ, ಉತ್ತರ ಬೇಡುತ್ತಾರೆ. ಆಯ್ದಕ್ಕಿ ಮಾರಯ್ಯನ ಪ್ರಸಂಗವನ್ನೇ ನೋಡಬಹುದು. ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ಮಾಡುವ ಮಾರಯ್ಯನು ಒಮ್ಮೆ ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಮಡದಿ ಲಕ್ಕಮ್ಮನು ಇದು ಆಸೆಯೆಂದು ಬಗೆದು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ದಾಸೋಹಕ್ಕಾಗಿಯೇ ತಂದ ಹೆಚ್ಚಳವು ದೋಷವಾಗುವುದೇಕೆ? ಕಾಯಕಕ್ಕೆ ಮಿತಿಯುಂಟೇ? ದಾನ ಮಾಡುವವರೂ ಬೋಧಿಸುವವರೂ ಒಟ್ಟಿಗೆ ಕುಳಿತು ಚರ್ಚಿಸಬೇಕಾದ ಪ್ರಶ್ನೆಯಿದು. ವೇದಿಕೆಯ ಮೇಲಿನ ಗಂಟೆಯ ಭಾಷಣದಲ್ಲಿ ಇದು ಬರಿಯ ದೃಷ್ಟಾಂತವಾಗಿ ಸರಿದುಹೋಗುತ್ತದೆ.

2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವು ಸ್ಥಾಪಿತವಾದ ಬಳಿಕ ಈ ಸೀಮೆಯ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ಆದರೆ ಓದುಗೋಷ್ಠಿಗೆ ವಿಶ್ವವಿದ್ಯಾಲಯದ ಅಪ್ಪಣೆ ಬೇಕಿಲ್ಲ. ಶಾಲೆಯ ಗ್ರಂಥಾಲಯದ ಒಂದು ಮೇಜು, ಕನ್ನಡದ ಮೂಲ, ಮಗ್ಗುಲಲ್ಲಿ ಇಂಗ್ಲಿಷ್ ಸಂಪುಟ, ವಾರಕ್ಕೊಂದು ಸಂಜೆ, ಒಂದೇ ಒಂದು ವಚನ ಇದ್ದರೆ ಸಾಕು. ಅರ್ಥ ಹೇಳುವ ಪಂಡಿತನು ಮೊದಲ ಅರ್ಧ ಗಂಟೆ ಬಾಯಿ ತೆರೆಯಬಾರದು; ಅತಿ ಕಿರಿಯ ವಿದ್ಯಾರ್ಥಿಯು ಮೊದಲು ಕೇಳಬೇಕು.